ಯಾವಾಗಲೂ ಬಲಗಡೆಯೇ ಯಾಕೆ? ದಿಮ್ಮಿ ಎಳೆಯುವ ಒಂದು ಚೈನ್ ಟ್ರ್ಯಾಕ್ಟರ್‌ನ ಪ್ರಕರಣ

ನನ್ನನ್ನು ಅಲ್ಲಿಗೆ ಕರೆಸಿದ್ದು ಟ್ರ್ಯಾಕ್ಟರ್ ರಿಪೇರಿ ಮಾಡಲಿ ಅಂತ ಅಲ್ಲ. ಅದನ್ನು ಮಾರಿಬಿಡುವುದೇ ಒಳ್ಳೆಯದು ಎಂದು ಬರೆದುಕೊಡಲಿ ಅಂತ.

ಮರ ಕಡಿದು ಸಾಗಿಸುವ ಆ ತಂಡದಲ್ಲಿ ದಿಮ್ಮಿ ಎಳೆಯಲು ಎರಡು ಯಂತ್ರಗಳಿದ್ದವು. ಒಂದು, ಗಾಲಿಯ ಬದಲು ಎರಡೂ ಬದಿಯ ಉಕ್ಕಿನ ಚೈನ್ ಪಟ್ಟಿಗಳ ಮೇಲೆ ಓಡುವ ಚೈನ್ ಟ್ರ್ಯಾಕ್ಟರ್. ಅದರ ಹಿಂದೆ ಉಕ್ಕಿನ ಹಗ್ಗ ಸುತ್ತಿ ದಿಮ್ಮಿ ಎಳೆಯುವ ವಿಂಚ್ ಕೂರಿಸಿತ್ತು. ಇನ್ನೊಂದು, ನಾಲ್ಕು ದೊಡ್ಡ ಟೈರಿನ, ನಡುವೆ ಮಡಚಿಕೊಂಡು ತಿರುಗುವ ಸ್ಕಿಡರ್. ಕಡಿದಾದ ಇಳಿಜಾರಿನಿಂದ ದಿಮ್ಮಿಗಳನ್ನು ಎಳೆದು ಮಣ್ಣಿನ ದಾರಿಯ ಬದಿಗೆ ತರುವುದು ಚೈನ್ ಗಾಡಿಯ ಕೆಲಸ. ಅಲ್ಲಿಂದ ಲಾರಿ ನಿಲ್ಲುವ ಜಾಗಕ್ಕೆ ಒಯ್ಯುವುದು ಸ್ಕಿಡರ್ ಕೆಲಸ. ಚೈನ್ ಗಾಡಿ ಪದೇ ಪದೇ ನಿಲ್ಲುತ್ತಿತ್ತು. ಸ್ಕಿಡರ್ ಓಡುತ್ತಲೇ ಇತ್ತು. ಹಾಗಾಗಿ ಚೈನ್ ಗಾಡಿ ಮಾರಿ ಇನ್ನೊಂದು ಸ್ಕಿಡರ್ ತರೋಣ ಎನ್ನುವುದು ಮಾಲೀಕರ ಯೋಚನೆ.

ಯೋಚನೆ ತಪ್ಪೇನಲ್ಲ. ಟೈರಿನ ಗಾಡಿ ಬೇಗ ಓಡುತ್ತದೆ, ದೂರದ ಸಾಗಾಟಕ್ಕೆ ಅದೇ ಸರಿ. ಆದರೆ ಆ ಇಳಿಜಾರು ಜೇಡಿಮಣ್ಣಿನದು. ಚೈನ್ ಗಾಡಿಯ ತೂಕ ಉದ್ದಕ್ಕೂ ಹಂಚಿಹೋಗುತ್ತದೆ, ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋ ಅಷ್ಟೇ. ಸ್ಕಿಡರ್ ಹಾಗಲ್ಲ. ದಿಮ್ಮಿಯ ತಲೆ ಎತ್ತಿ ಎಳೆಯುವಾಗ ಭಾರವೆಲ್ಲ ಹಿಂದಿನ ಎರಡು ಟೈರಿಗೆ ಬಂದು ಕೂರುತ್ತದೆ. ಗಾಲಿಗೆ ಬದಲು ಚೈನ್ ಹಾಕುವ ಉಪಾಯ ಹುಟ್ಟಿದ್ದೇ ಇಂಥ ನೆಲದಿಂದ. 1904ರಲ್ಲಿ ಬೆಂಜಮಿನ್ ಹೋಲ್ಟ್ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ ತನ್ನ ಚೈನ್ ಟ್ರ್ಯಾಕ್ಟರ್ ಪರೀಕ್ಷಿಸಿದ್ದು, ಅಲ್ಲಿನ ಮೆತ್ತನೆಯ ನೆಲದಲ್ಲಿ ಗಾಲಿಗಳು ಹೂತುಹೋಗುತ್ತಿದ್ದವು ಎಂಬ ಕಾರಣಕ್ಕೇ. ಹಾಗಾಗಿ ಮಾರುವ ಮಾತಿಗೆ ಮುಂಚೆ ದಾಖಲೆ ನೋಡೋಣ ಎಂದೆ.

ಲಾಗ್ ಬುಕ್ ಹೇಳಿದ್ದು

ಆಪರೇಟರ್ ಬರೆಯುವ ಲಾಗ್ ಬುಕ್ ಇತ್ತು. ಸ್ಟೋರ್‌ನಿಂದ ಸಾಮಾನು ಕೊಟ್ಟ ರಿಜಿಸ್ಟರ್ ಬೇರೆ ಇತ್ತು. ಎರಡನ್ನೂ ಯಾರೂ ಯಾವತ್ತೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನಾನು ಮಾಡಿದ ಮೊದಲ ಕೆಲಸ ಅದು. ಎರಡು ದಿನ ಹಿಡಿಯಿತು.

ಆ ಹಂಗಾಮಿನಲ್ಲಿ 26 ವಾರ ಕೆಲಸ, ವಾರಕ್ಕೆ 40 ಗಂಟೆ. ಒಟ್ಟು 1,040 ಗಂಟೆ. ಚೈನ್ ಗಾಡಿ ಕೆಲಸ ಮಾಡಿದ್ದು 770 ಗಂಟೆ. ಉಳಿದ 270 ಗಂಟೆ ನಿಂತಿತ್ತು. ಒಟ್ಟು 19 ಸಲ ಕೆಟ್ಟಿತ್ತು. ಅಂದರೆ ಸರಾಸರಿ 40 ಗಂಟೆಗೊಂದು ಬ್ರೇಕ್‌ಡೌನ್, ಪ್ರತಿ ಸಲ ಸರಾಸರಿ 14 ಗಂಟೆ ಕೆಲಸ ನಿಂತಂತಾಯಿತು. ನೂರಕ್ಕೆ 74 ಪಾಲು ಹೊತ್ತು ಮಾತ್ರ ಗಾಡಿ ಕೈಗೆ ಸಿಕ್ಕಿದೆ. ಇದು ನಿಜಕ್ಕೂ ಕಡಿಮೆ.

ಆದರೆ ಆ 270 ಗಂಟೆಯನ್ನು ಬಿಡಿಸಿ ನೋಡಿದರೆ ಕತೆಯೇ ಬೇರೆ. ಸ್ಪ್ಯಾನರ್ ಹಿಡಿದು ಕೆಲಸ ಮಾಡಿದ್ದು 88 ಗಂಟೆ. ಮಿಕ್ಕ 182 ಗಂಟೆ ಬರೀ ಕಾದದ್ದು. ಸಾಮಾನು ಬರಲಿ ಅಂತ ಕಾದದ್ದು, ಮೆಕ್ಯಾನಿಕ್ ಬರಲಿ ಅಂತ ಕಾದದ್ದು, ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಸಮತಟ್ಟು ಜಾಗಕ್ಕೆ ಎಳೆಯಲು ಇನ್ನೊಂದು ಗಾಡಿ ಸಿಗಲಿ ಅಂತ ಕಾದದ್ದು. ಒಂದು ಸಲವಂತೂ ಎಡಬದಿಯ ಪಾರ್ಟ್ ನಂಬರ್ ಕೊಟ್ಟು ಬಲಬದಿಯ ಸಾಮಾನಿಗಾಗಿ ನಾಲ್ಕು ದಿನ ಕಾದಿದ್ದಾರೆ. ಈ ಕಾಯುವಿಕೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ 74 ಇದ್ದದ್ದು ಸುಮಾರು 90 ಆಗುತ್ತದೆ. ಯಂತ್ರದ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು ಎಂಬುದು ಈ ಎರಡು ಅಂಕಿಗಳ ನಡುವೆ ಇದೆ.

ಇನ್ನು ಸ್ಕಿಡರ್. ಅದರ ಪುಸ್ತಕದಲ್ಲಿ ಇದ್ದದ್ದು ಬರೀ 8 ಬ್ರೇಕ್‌ಡೌನ್, 60 ಗಂಟೆ. ನೂರಕ್ಕೆ 94. ಯಾರಾದರೂ ಮೆಚ್ಚಬೇಕಾದ ಅಂಕಿ. ಆದರೆ ಸ್ಟೋರ್ ರಿಜಿಸ್ಟರ್‌ನಲ್ಲಿ ಅದೇ ಸ್ಕಿಡರ್ ಹೆಸರಿಗೆ ಹೈಡ್ರಾಲಿಕ್ ಹೋಸ್, ನಡುವಿನ ಕೀಲಿನ ಪಿನ್ನು ಬುಷ್, ವಿಂಚ್ ಹಗ್ಗ ಎಲ್ಲ ಹೋಗಿತ್ತು. ಲಾಗ್ ಬುಕ್‌ನಲ್ಲಿ ಅವುಗಳ ಸುದ್ದಿಯೇ ಇಲ್ಲ. ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು: ಚೈನ್ ಗಾಡಿ ನಿಂತರೆ ಸ್ಕಿಡರ್‌ಗೆ ಎಳೆಯಲು ದಿಮ್ಮಿ ಇರುವುದಿಲ್ಲ. ಹಾಗೆ ಅದು 205 ಗಂಟೆ ಖಾಲಿ ನಿಂತಿತ್ತು. ಆ ಹೊತ್ತಿನಲ್ಲಿ ಆಪರೇಟರ್ ಸುಮ್ನೆ ಕೂರದೆ ಗ್ರೀಸ್ ಹಾಕಿದ, ಸೋರುವ ಹೋಸ್ ಬದಲಿಸಿದ, ಸವೆದ ಪಿನ್ನು ತೆಗೆದ. ಗಾಡಿಗೆ ಹೇಗೂ ಕೆಲಸ ಇಲ್ಲದ್ದರಿಂದ ಅದು ಬ್ರೇಕ್‌ಡೌನ್ ಲೆಕ್ಕಕ್ಕೆ ಬರಲಿಲ್ಲ. ಅಂಥವು 9 ಸಿಕ್ಕವು. 8 ಮತ್ತು 9 ಸೇರಿ 17. ಸ್ಕಿಡರ್ ಓಡಿದ್ದು 775 ಗಂಟೆ. ಅಂದರೆ ಸುಮಾರು 45 ಗಂಟೆಗೊಂದು ರಿಪೇರಿ.

ಒಂದು ಕಡೆ 40, ಇನ್ನೊಂದು ಕಡೆ 45. ಎರಡು ಗಾಡಿಗಳ ನಡುವಿನ ನಿಜವಾದ ಅಂತರ ಇಷ್ಟೇ. ಸ್ಕಿಡರ್‌ನ ಒಳ್ಳೆಯ ಹೆಸರಿನಲ್ಲಿ ದೊಡ್ಡ ಪಾಲು ಚೈನ್ ಗಾಡಿ ಕೊಟ್ಟ ಬಿಡುವಿನದು. ಮಾಲೀಕರಿಗೆ ಈ ಪುಟ ತೋರಿಸಿದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಎರಡು ಸ್ಕಿಡರ್ ಇದ್ದಿದ್ರೆ ಎರಡೂ ಕೆಡ್ತಿದ್ದವು ಅಂತೀರಾ?" ಎಂದರು. ಬಿಡುವು ಸಿಗದೆ ಹೋಗಿದ್ದರೆ ಹೌದು, ಅದೇ ಆಗುತ್ತಿತ್ತು.

ಒಂದರ ಹಿಂದೊಂದು ಪೋಣಿಸಿದ ಕೆಲಸದಲ್ಲಿ ಇದನ್ನು ಮರೆಯುವುದು ಸುಲಭ. ಕಡಿಯುವ ಗರಗಸ, ಚೈನ್ ಗಾಡಿ, ಸ್ಕಿಡರ್, ಲೋಡರ್, ಲಾರಿ ಅಂತ ಐದು ಕೊಂಡಿ ಇವೆ ಅಂದುಕೊಳ್ಳಿ. ಪ್ರತಿಯೊಂದೂ ನೂರಕ್ಕೆ 95ರಷ್ಟು ಗಟ್ಟಿ. ನಡುವೆ ದಿಮ್ಮಿಯ ದಾಸ್ತಾನು ಇಲ್ಲದಿದ್ದರೆ ಐದೂ ಒಟ್ಟಿಗೆ ನಡೆಯುವ ಹೊತ್ತು ಬರೀ 77.

ಮೂರು ಸೀಲ್, ಒಂದು ಡಬ್ಬಿ

19 ಬ್ರೇಕ್‌ಡೌನ್‌ಗಳಲ್ಲಿ ಹೆಚ್ಚಿನವು ಚಿಲ್ಲರೆ. ಎಲೆ, ಹೊಟ್ಟು ಕಟ್ಟಿಕೊಂಡು ರೇಡಿಯೇಟರ್ ಬಿಸಿಯಾದದ್ದು, ಕೊಂಬೆ ತಾಗಿ ಹೋಸ್ ಹರಿದದ್ದು, ವಿಂಚ್‌ನ ತೊಂದರೆ, ವೈರಿಂಗ್. ಕಾಡಿನ ಕೆಲಸದಲ್ಲಿ ಇವು ಇದ್ದದ್ದೇ. ಆದರೆ ಮೂರು ಸಲದ್ದು ಒಂದೇ ಜಾತಿ: ಬಲಗಡೆಯ ಫೈನಲ್ ಡ್ರೈವ್‌ನ ಸೀಲ್ ಸೋರಿಕೆ. ಮೊದಲ ಸಲ 27 ಗಂಟೆ, ಎರಡನೇ ಸಲ 32, ಮೂರನೇ ಸಲ 62. ಈ ಮೂರೇ ಸೇರಿ 121 ಗಂಟೆ ತಿಂದಿದ್ದವು. ಎಡಗಡೆಯ ಸೀಲ್ ಒಂದು ತೊಟ್ಟೂ ಸೋರಿರಲಿಲ್ಲ.

ಫೈನಲ್ ಡ್ರೈವ್ ಅಂದರೆ ಹಲ್ಲುಗಾಲಿ, ಅಂದರೆ ಸ್ಪ್ರಾಕೆಟ್, ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ. ಒಳಗೆ ಎಣ್ಣೆ, ಹೊರಗೆ ಕೆಸರು. ನಡುವೆ ತಡೆಯಾಗಿ ನಿಲ್ಲುವುದು ಎರಡು ಲೋಹದ ಬಳೆಗಳು. ಕನ್ನಡಿಯಂತೆ ನುಣುಪಾದ ಅವುಗಳ ಮುಖ ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ಒಂದು ತಿರುಗುತ್ತದೆ, ಒಂದು ನಿಂತಿರುತ್ತದೆ. ಎರಡನ್ನೂ ಹಿಂದಿನಿಂದ ಒತ್ತಿಹಿಡಿಯುವುದು ಒಂದೊಂದು ರಬ್ಬರ್ ರಿಂಗ್. ಕೆಲಸ ಸರಳ, ಆದರೆ ಒತ್ತು ಎಲ್ಲ ಕಡೆ ಸಮ ಇರಲೇಬೇಕು.

ನಾನು ಮೊದಲು ಅನುಮಾನಪಟ್ಟದ್ದು ಎಣ್ಣೆಯನ್ನು. ಬೇರೆ ಗ್ರೇಡ್ ಎಣ್ಣೆ ಹಾಕಿರಬಹುದು ಅಂತ ಒಂದು ವಾರ ಅದರ ಹಿಂದೆ ಬಿದ್ದೆ. ಅದೇ ಡ್ರಮ್ಮಿನ ಎಣ್ಣೆ ಎಡಗಡೆಗೂ ಹೋಗುತ್ತಿತ್ತು ಎಂಬುದು ಮೊದಲ ದಿನವೇ ಹೊಳೆಯಬೇಕಿತ್ತು.

ದಾರಿ ತೋರಿಸಿದ್ದು ಒಂದು ತಗಡಿನ ಡಬ್ಬಿ. ತಂಡದ ಮೆಕ್ಯಾನಿಕ್ ಬಿಚ್ಚಿದ ಹಳೇ ಸೀಲ್‌ಗಳನ್ನು ಎಸೆಯದೆ, ತಾರೀಖು ಬರೆದ ಚೀಟಿ ಕಟ್ಟಿ ಅದರಲ್ಲಿ ಇಟ್ಟಿದ್ದರು. ಅವರ ಈ ಒಂದು ಅಭ್ಯಾಸ ಇಲ್ಲದಿದ್ದರೆ ಈ ಪ್ರಕರಣ ಬಿಡಿಸಲು ನನಗೆ ಆಗುತ್ತಿರಲಿಲ್ಲ. ಮೂರು ಜೊತೆ ಬಳೆಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಬಳೆಯ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಎರಡೂ ಒತ್ತಿಕೊಂಡು ತಿರುಗಿದ ಜಾಗ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಮೊದಲ ಜೊತೆಯಲ್ಲಿ ಆ ಪಟ್ಟಿ ಸುತ್ತಲೂ ಒಂದೇ ಅಗಲ. ಬಳೆ ಚೆನ್ನಾಗಿಯೇ ಇತ್ತು. ಆದರೆ ಅದರ ರಬ್ಬರ್ ರಿಂಗ್‌ನಲ್ಲಿ ಒಂದು ಸೀಳು. ಸೀಳಿನೊಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಎಳೆ ಇನ್ನೂ ಸಿಕ್ಕಿಕೊಂಡಿತ್ತು. ದಿಮ್ಮಿಗೆ ಕುಣಿಕೆ ಹಾಕುವ ಚೋಕರ್ ಹಗ್ಗದ ಎಳೆ ಅದು.

ಎರಡನೇ ಮತ್ತು ಮೂರನೇ ಜೊತೆಯಲ್ಲಿ ಎಳೆಯೂ ಇಲ್ಲ, ಸೀಳೂ ಇಲ್ಲ. ಆದರೆ ಹೊಳೆಯುವ ಪಟ್ಟಿ ಒಂದು ಕಡೆ ಅಗಲ, ಎದುರು ಕಡೆ ದಾರದಷ್ಟು ಸಣ್ಣ. ಅಂದರೆ ಬಳೆ ನೇರ ತಿರುಗುತ್ತಿರಲಿಲ್ಲ, ಓಲಾಡುತ್ತಿತ್ತು. ಬಳೆ ಓಲಾಡುವುದು ಅದನ್ನು ಹೊತ್ತ ಹಬ್, ಅಂದರೆ ಸ್ಪ್ರಾಕೆಟ್ ಕೂತ ನಡುಭಾಗ, ಓಲಾಡಿದರೆ. ಹಬ್ ಓಲಾಡುವುದು ಬೇರಿಂಗ್ ಸಡಿಲವಾದರೆ.

ಈಗ ಲಾಗ್ ಬುಕ್ ಮತ್ತೆ ತೆಗೆದೆವು. ಮೊದಲ ಬ್ರೇಕ್‌ಡೌನ್‌ಗಿಂತ ನಾಲ್ಕು ದಿನ ಮುಂಚೆಯೇ "ಬಲಗಡೆ ಎಣ್ಣೆ ಜಿನುಗು, ಟಾಪ್ ಅಪ್ ಮಾಡಿದೆ" ಎಂದು ಬರೆದಿತ್ತು. ಮರುದಿನ ಮತ್ತೆ ಟಾಪ್ ಅಪ್. ಅದರ ಮರುದಿನವೂ. ಎಣ್ಣೆ ಹೊರಗೆ ಬರುವ ದಾರಿಯಲ್ಲೇ ಕೆಸರು ನೀರು ಒಳಗೂ ಹೋಗುತ್ತದೆ ಅಲ್ವಾ? ಆ ನಾಲ್ಕು ದಿನದಲ್ಲಿ ಬೇರಿಂಗ್ ಹಾಳಾಗಲು ಶುರುವಾಗಿತ್ತು. ಮೊದಲ ರಿಪೇರಿಯಲ್ಲಿ ಸೀಲ್ ಬದಲಾಯಿತು, ಬೇರಿಂಗ್ ನೋಡಲಿಲ್ಲ. 140 ಗಂಟೆಗೆ ಮತ್ತೆ ಸೋರಿತು. ಮತ್ತೆ ಸೀಲ್ ಒಂದೇ ಹೊಸದು. ಈ ಸಲ 65 ಗಂಟೆಗೇ ಹೋಯಿತು. ರಿಪೇರಿಯಿಂದ ರಿಪೇರಿಗೆ ಅಂತರ ಅರ್ಧಕ್ಕೂ ಕಡಿಮೆಯಾದರೆ, ಹೋದ ಸಲ ಕೈಹಾಕಿದ ಜಾಗದಲ್ಲೇ ಏನೋ ಉಳಿದಿದೆ ಅಂತ ಅರ್ಥ. ಮೂರನೇ ಸಲ ಪೆಟ್ಟಿಗೆ ಪೂರ್ತಿ ಬಿಚ್ಚಿದಾಗ ಬೇರಿಂಗ್‌ನ ಹಾದಿಯಲ್ಲಿ ಉಗುರಿನಷ್ಟು ದೊಡ್ಡ ಚಕ್ಕೆಗಳು ಎದ್ದಿದ್ದವು. ಇಳಿಸಿದ ಎಣ್ಣೆಯಲ್ಲಿ ಅಯಸ್ಕಾಂತ ಅದ್ದಿದರೆ ಅದಕ್ಕೆ ಗಡ್ಡ ಬೆಳೆದಂತೆ ಪುಡಿ ಅಂಟಿತು.

ಜೋಲು 12, ಜೋಲು 36

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಬಲಗಡೆಯೇ ಯಾಕೆ?

ಒಂದು ಸಂಜೆ ಗಾಡಿ ಕೆಲಸ ಮುಗಿಸಿ ಬರುವುದನ್ನೇ ಕಾದು ನಿಂತೆ. ತೊಳೆಯಬೇಡಿ ಎಂದು ಮೊದಲೇ ಹೇಳಿದ್ದೆ. ಬ್ರೇಕ್ ಒತ್ತದೆ ಗಾಡಿ ಮುಂದಕ್ಕೆ ಉರುಳಿ ತಾನಾಗಿ ನಿಲ್ಲಲಿ ಎಂದೆ. ಚೈನ್‌ನ ಮೇಲ್ಭಾಗದಲ್ಲಿ, ಮುಂದಿನ ಐಡ್ಲರ್‌ನಿಂದ (ಚೈನ್ ಸುತ್ತಿ ಬರುವ ಮುಂದಿನ ಗಾಲಿ) ಮೇಲಿನ ರೋಲರ್‌ವರೆಗೆ ನೇರವಾದ ಪಟ್ಟಿ ಇಟ್ಟು, ನಡುವೆ ಚೈನ್ ಎಷ್ಟು ಕೆಳಗೆ ಜೋತಿದೆ ಎಂದು, ಅಂದರೆ ಜೋಲು ಅಳೆದೆವು. ಎಡಗಡೆ 36 ಮಿ.ಮೀ. ಬಲಗಡೆ 12. ಗಾಡಿಯ ಪುಸ್ತಕ ಹೇಳುವುದು 40ರ ಆಸುಪಾಸು. ಜೋಲು ಮೂರನೇ ಒಂದಕ್ಕೆ ಇಳಿದರೆ ಚೈನ್‌ನ ಎಳೆತ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಆ ಎಳೆತವನ್ನೆಲ್ಲ ಹಗಲಿಡೀ ತಡೆದುಕೊಳ್ಳಬೇಕಾದದ್ದು ಸ್ಪ್ರಾಕೆಟ್‌ನ ಹಿಂದಿನ ಅದೇ ಬೇರಿಂಗ್.

ಕೆಸರು ತೆಗೆದು ತೊಳೆದು ಮತ್ತೆ ಅಳೆದರೆ ಬಲಗಡೆ 26 ಬಂತು. ಅಂದರೆ 14 ಮಿ.ಮೀ. ಕೆಸರೇ ನುಂಗಿತ್ತು. ಜೇಡಿಮಣ್ಣು, ತೊಗಟೆ, ಸೊಪ್ಪು ಎಲ್ಲ ಸ್ಪ್ರಾಕೆಟ್ ಹಲ್ಲುಗಳ ಬುಡದಲ್ಲಿ ಕುಟ್ಟಿದಂತೆ ಗಟ್ಟಿಯಾಗಿ ಕೂತರೆ ಚೈನ್ ಮೇಲಕ್ಕೆ ಎದ್ದು ಓಡುತ್ತದೆ, ತಾನೇ ಬಿಗಿಯಾಗುತ್ತದೆ. ತೊಳೆದ ಗಾಡಿಯಲ್ಲಿ ಸರಿ ಕಾಣುವ ಜೋಲು ಕೆಲಸದ ನಡುವೆ ಸರಿ ಇರುವುದಿಲ್ಲ. ಆದ್ದರಿಂದಲೇ ಕೆಸರಿನ ನೆಲದಲ್ಲಿ ಕೆಲಸ ಮಾಡುವ ಗಾಡಿಯ ಚೈನ್ ಅನ್ನು ಕೆಸರು ಇದ್ದ ಹಾಗೇ ಅಳೆದು ಹೊಂದಿಸಬೇಕು.

ಬಲಗಡೆ ಇಷ್ಟು ಬಿಗಿ ಮಾಡಿದ್ದು ಯಾರು ಎಂದು ಕೇಳಿದೆ. ಆಪರೇಟರ್ ಮುಚ್ಚಿಡಲಿಲ್ಲ. "ನಾನೇ ಸರ್. ಹೋದ ಹಂಗಾಮಿನಲ್ಲಿ ಇದೇ ಚೈನ್ ಇಳಿಜಾರಲ್ಲಿ ಕಳಚಿಬಿಡ್ತು. ಹಿಂದೆ ಮೂರು ದಿಮ್ಮಿ, ಬಲಕ್ಕೆ ಪ್ರಪಾತ. ಆವತ್ತಿನಿಂದ ಜೋಲು ಕಂಡ್ರೆ ಗ್ರೀಸ್ ಹೊಡೆದು ಬಿಗಿ ಮಾಡಿಬಿಡ್ತೀನಿ."

ಈ ಮಾತನ್ನು ನಾನು ವರದಿಯಲ್ಲಿ ಹಾಗೇ ಬರೆದೆ. ಅದು ಅಜಾಗರೂಕತೆ ಅಲ್ಲ. ಆ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಕಳಚಿದ್ದಕ್ಕೆ ಕಾರಣ ಜೋಲು ಅಲ್ಲ, ಬಲಗಡೆಯ ಐಡ್ಲರ್. ಚೈನ್ ಅನ್ನು ದಾರಿಯಲ್ಲಿ ಹಿಡಿದಿಡುವ ಅದರ ಅಂಚು ಸವೆದು ದುಂಡಗಾಗಿತ್ತು. ಅದನ್ನು ಆವತ್ತೇ ಯಾರಾದರೂ ಅಳೆದು ಬದಲಿಸಿದ್ದರೆ ಆಪರೇಟರ್‌ಗೆ ಭಯದಿಂದ ಗ್ರೀಸ್ ಹೊಡೆಯುವ ಪ್ರಮೇಯ ಬರುತ್ತಿರಲಿಲ್ಲ.

ಬಲಗಡೆಯ ಅಂಚೇ ಸವೆದದ್ದಕ್ಕೂ ಕಾರಣ ಸಿಕ್ಕಿತು. ಗುಡ್ಡದ ಪಕ್ಕೆಯಲ್ಲಿ ಕೊರೆದ ದಾರಿ ಅದು. ದಿಮ್ಮಿ ಎಳೆದುಕೊಂಡು ಬರುವಾಗ ಪ್ರಪಾತ ಯಾವಾಗಲೂ ಬಲಕ್ಕೆ. ದಾರಿ ಆ ಕಡೆಗೇ ಸ್ವಲ್ಪ ವಾಲಿದೆ. ಖಾಲಿ ಹೋಗುವಾಗ ಎಡಕ್ಕೆ ಬರುತ್ತದೆ ನಿಜ, ಆದರೆ ಆಗ ಭಾರ ಇಲ್ಲ. ಜೊತೆಗೆ ವಿಂಚ್ ಹಿಂದಿನಿಂದ ಜಗ್ಗುವಾಗ ಗಾಡಿಯ ಮೂತಿ ಹಗುರಾಗಿ ಭಾರ ಹಿಂದಕ್ಕೆ, ಸ್ಪ್ರಾಕೆಟ್ ಕಡೆಗೆ ಸರಿಯುತ್ತದೆ. ದಿಮ್ಮಿ ಎಳೆಯಲೆಂದೇ ಕಟ್ಟಿದ ಚೈನ್ ಗಾಡಿಗಳ ರಚನೆಯೇ ಬೇರೆ. 1940ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬಂದ ಕೆಟಿ-12 ಅಂಥದ್ದು (ಅದು ಕಟ್ಟಿಗೆ ತುಂಡಿನಿಂದ ಹುಟ್ಟಿಸಿದ ಅನಿಲದಲ್ಲೇ ಓಡುತ್ತಿತ್ತು). ಆಮೇಲೆ ಪೆಟ್ರೊಜಾವೊಡ್ಸ್ಕ್‌ನ ಒನೆಗಾ ಕಾರ್ಖಾನೆಯ ಟಿಡಿಟಿ-55. ಇವುಗಳಲ್ಲಿ ಎಂಜಿನ್ನು ಕ್ಯಾಬಿನ್ನು ಮುಂದಕ್ಕೆ ಇರುತ್ತವೆ. ದಿಮ್ಮಿಯ ತುದಿಯನ್ನು ಗಾಡಿಯ ಮೇಲಿನ ಓರೆ ತಟ್ಟೆಗೆ ಎಳೆದು ಹೇರುತ್ತಾರೆ, ಭಾರ ಚೈನ್‌ನ ಉದ್ದಕ್ಕೆ ಹಂಚಿಹೋಗುತ್ತದೆ. ನಮ್ಮದು ಮಣ್ಣು ತಳ್ಳುವ ಗಾಡಿಗೆ ವಿಂಚ್ ಸೇರಿಸಿದ್ದು. ಅದರ ಹಿಂಬದಿ ಜಾಸ್ತಿ ದಣಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ನೋಡಿಕೊಳ್ಳಬೇಕು.

ಕೊನೆಯ ಎಳೆ ಆ ಉಕ್ಕಿನ ಎಳೆಯದ್ದೇ. ಸೀಲ್ ಮುಂದೆ ಒಂದು ಗಾರ್ಡ್ ಇರಬೇಕಿತ್ತು. ಚೈನ್ ಕಳಚಿದ್ದನ್ನು ಮತ್ತೆ ಏರಿಸುವಾಗ ಅದನ್ನು ಬಿಚ್ಚಿದವರು, ಕೆಸರು ಕಟ್ಟಿಕೊಳ್ಳುತ್ತದೆ ಎಂದು ಮತ್ತೆ ಹಾಕಲಿಲ್ಲ. ದಾರಿಯುದ್ದಕ್ಕೂ ಹರಿದ ಚೋಕರ್ ತುಂಡುಗಳು ಬಿದ್ದಿದ್ದವು. ಚೈನ್ ಅವನ್ನು ಎತ್ತಿಕೊಂಡು ಹಬ್ಬಿಗೆ ಸುತ್ತಿತು.

ಮಾಡಿದ ಕೆಲಸ

ಬೇರಿಂಗ್ ಹೊಸದು ಹಾಕಿ, ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಕೊಟ್ಟು, ಡಯಲ್ ಗೇಜ್ ಇಟ್ಟು ಹಬ್ ಓಲಾಡುತ್ತಿಲ್ಲ ಎಂದು ನೋಡಿದ ಮೇಲೆಯೇ ಸೀಲ್ ಕೂರಿಸಿದೆವು. ಬಲಗಡೆಯ ಐಡ್ಲರ್ ಬದಲಾಯಿತು. ಗಾರ್ಡ್ ವಾಪಸ್ ಬಂತು. ಹರಿದ ಚೋಕರ್ ತುಂಡು ಹಾಕಲು ದಾರಿಯ ಎರಡು ಕಡೆ ಖಾಲಿ ಡ್ರಮ್ ಇಟ್ಟೆವು. ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು ಇದಕ್ಕೇ.

ಚೈನ್ ಸಡಿಲ ಮಾಡುವ ದಿನ ಹೊಸ ಹೆಲ್ಪರ್ ಒಬ್ಬ ಗ್ರೀಸ್ ವಾಲ್ವ್ ಎದುರಿಗೇ ಮುಖ ಇಟ್ಟು ಬಗ್ಗಿದ. ಮೆಕ್ಯಾನಿಕ್ ಅವನ ಕಾಲರ್ ಹಿಡಿದು ಪಕ್ಕಕ್ಕೆ ಎಳೆದರು. ಒಳಗಿನ ಗ್ರೀಸ್ ಭಾರಿ ಒತ್ತಡದಲ್ಲಿ ಇರುತ್ತದೆ, ಚರ್ಮ ತೂತು ಮಾಡಿಕೊಂಡು ಮೈಯೊಳಗೆ ಹೋಗಬಲ್ಲದು. ವಾಲ್ವ್ ಅನ್ನು ಒಂದು ಸುತ್ತಿಗಿಂತ ಜಾಸ್ತಿ ಬಿಚ್ಚಬಾರದು, ಪಕ್ಕದಲ್ಲಿ ನಿಂತೇ ಬಿಚ್ಚಬೇಕು. ಚೈನ್ ಗಾಡಿ ಮುಟ್ಟುವ ಪ್ರತಿಯೊಬ್ಬರಿಗೂ ಇದು ಮೊದಲ ದಿನವೇ ಗೊತ್ತಿರಬೇಕು.

ಕಾಯುವ ಗಂಟೆಗಳಿಗೆ ಮದ್ದು ಬೇರೆ. ಎರಡೂ ಬದಿಯ ಸೀಲ್ ಒಂದೊಂದು ಸೆಟ್, ಹೋಸ್‌ಗಳು, ಚೈನ್ ಬೋಲ್ಟ್, ಎಣ್ಣೆ ಎಲ್ಲ ಕೆಲಸದ ಜಾಗದಲ್ಲೇ ಇಡುವಂತೆ ಮಾಡಿದೆವು. ಪಾರ್ಟ್ ನಂಬರ್‌ಗಳನ್ನು ಗಾಡಿಯ ಬಾಗಿಲ ಒಳಗೆ ಬಣ್ಣದಲ್ಲಿ ಬರೆಸಿದೆವು, ಎಡ ಬಲ ಸಮೇತ. ಲಾಗ್ ಬುಕ್‌ನಲ್ಲಿ ಎರಡು ಹೊಸ ಕಾಲಂ ಬಂದವು: "ಕಾದದ್ದು" ಮತ್ತು "ಕೈಹಾಕಿದ್ದು". ಟಾಪ್ ಅಪ್ ಎಂದು ಒಂದೇ ಜಾಗಕ್ಕೆ ಎರಡು ದಿನ ಬರೆದರೆ ಮೂರನೇ ದಿನ ಗಾಡಿ ಹೊರಡುವಂತಿಲ್ಲ ಎಂದು ಮಾಲೀಕರೇ ನಿಯಮ ಮಾಡಿದರು. ಸ್ಕಿಡರ್‌ಗೆ ವಾರಕ್ಕೆ ಅರ್ಧ ದಿನದ ಸರ್ವಿಸ್ ಗೊತ್ತುಮಾಡಬೇಕೆಂದು ಒತ್ತಾಯಿಸಿದೆ. ಚೈನ್ ಗಾಡಿ ಸರಿಹೋದರೆ ಸ್ಕಿಡರ್‌ಗೆ ಸಿಗುತ್ತಿದ್ದ ಬಿಡುವು ಹೋಗುತ್ತದಲ್ಲ. ಇದಕ್ಕೆ ಮಾತ್ರ ಮೊದಲು ಯಾರೂ ಒಪ್ಪಲಿಲ್ಲ. ಎರಡನೇ ತಿಂಗಳಲ್ಲಿ ಸ್ಕಿಡರ್‌ನ ನಡುವಿನ ಪಿನ್ನು ತುಂಬಿದ ಹೊರೆಯ ಜೊತೆ ದಾರಿ ಮಧ್ಯೆ ಮುರಿದ ಮೇಲೆ ಒಪ್ಪಿದರು.

ಈ ಬದಲಾವಣೆಗಳಾದ ಮೇಲಿನ ಹಂಗಾಮಿನ ಲೆಕ್ಕ: ಅದೇ 1,040 ಗಂಟೆಯಲ್ಲಿ ಚೈನ್ ಗಾಡಿ 884 ಗಂಟೆ ಓಡಿತು. ಬ್ರೇಕ್‌ಡೌನ್ 15. ಕೈಹಾಕಿದ್ದು 77 ಗಂಟೆ, ಕಾದದ್ದು 79. ಬಲಗಡೆಯ ಸೀಲ್ ಹಂಗಾಮಿನ ಕೊನೆಯವರೆಗೂ ಒಣಗಿದಂತೆಯೇ ಇತ್ತು. ಕೈಹಾಕಿದ ಗಂಟೆ ಹೆಚ್ಚೇನೂ ಇಳಿದಿಲ್ಲ ಎಂಬುದನ್ನೂ ಹೇಳಬೇಕು. ಗಾಡಿ ಹಳೆಯದು, ಕೆಲಸ ಒರಟು, ಅಷ್ಟು ರಿಪೇರಿ ಅದು ಬೇಡುತ್ತದೆ.

ಆಪರೇಟರ್ ಈಗ ಸೀಟಿನ ಪಕ್ಕ ಒಂದು ಉಕ್ಕಿನ ಸ್ಕೇಲ್ ಇಟ್ಟುಕೊಂಡಿದ್ದಾರೆ. ಸಂಜೆ ಕೆಸರು ಇದ್ದ ಹಾಗೇ ಎರಡೂ ಕಡೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಬ್ರೇಕ್‌ಡೌನ್ ಪಟ್ಟಿಯ ಮೇಲ್ತುದಿಯಲ್ಲಿ ಈಗ ವಿಂಚ್‌ನ ಬ್ರೇಕ್ ಬ್ಯಾಂಡ್ ಇದೆ, ಆರು ಸಲ. ಮುಂದಿನ ವಾರ ಅದನ್ನು ಬಿಚ್ಚುತ್ತೇವೆ.